ಮರುದಿನ ಬೆಳಿಗ್ಗೆಯೇ ಅಳತೆಗೋಲು: ಗಂಭೀರ ಕಾಯಿಲೆಯ ನಂತರ ಮತ್ತೆ ಓಡಲು ಸಮಗ್ರ ಮಾರ್ಗದರ್ಶಿ

ತೀವ್ರ ನ್ಯುಮೋನಿಯಾದಿಂದ 19 ದಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದು ಮನೆಗೆ ಬಂದು ಐದನೇ ವಾರ ನಡೆಯುತ್ತಿತ್ತು. ಅವತ್ತು ಬೆಳಿಗ್ಗೆ ಮೈ ಹಗುರವೆನಿಸಿತು. ಶೂ ಕಟ್ಟಿಕೊಂಡು ಹೊರಟೇಬಿಟ್ಟೆ. ಎರಡು ಕಿಲೋಮೀಟರ್ ಓಡಿದೆ. ನಿಧಾನವಾಗಿಯೇ ಓಡಿದೆ, ಎಲ್ಲೂ ನಿಲ್ಲಲಿಲ್ಲ, ಎದೆಯಲ್ಲಿ ನೋವಿರಲಿಲ್ಲ, ಕೆಮ್ಮು ಬರಲಿಲ್ಲ. ಮನೆಗೆ ಬಂದು ಕೂತಾಗ ಖುಷಿಗೆ ಕಣ್ಣು ತುಂಬಿ ಬಂತು. ಮರುದಿನ ಬೆಳಿಗ್ಗೆ ಬಚ್ಚಲಿಗೆ ಹೋಗಲು ಗೋಡೆ ಹಿಡಿದುಕೊಳ್ಳಬೇಕಾಯಿತು. ಅದರ ಮರುದಿನ ಇನ್ನೂ ಕೆಟ್ಟದಾಗಿತ್ತು. ಆ ಎರಡು ಕಿಲೋಮೀಟರಿನ ಸಾಲ ತೀರಿಸಲು ನನಗೆ ಒಂಬತ್ತು ದಿನ ಹಿಡಿಯಿತು.

ಕಾಯಿಲೆಯಿಂದ ಎದ್ದವನ ಓಟಕ್ಕೆ ತೀರ್ಪು ಸಿಗುವುದು ಓಡುವಾಗ ಅಲ್ಲ, ಮರುದಿನ ಬೆಳಿಗ್ಗೆ. ಈ ಲೇಖನದಲ್ಲಿ ಹೇಳಿರುವುದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ. ಓಡುವ ಹೊತ್ತಿನಲ್ಲಿ ಉತ್ಸಾಹ ನಮ್ಮನ್ನು ಎಷ್ಟು ಬೇಕಾದರೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ದೇಹ ಲೆಕ್ಕ ಕೇಳುತ್ತದೆ. ಆ ಲೆಕ್ಕವನ್ನು ಓದಲು ಕಲಿತರೆ ಓಟಕ್ಕೆ ಮರಳುವ ದಾರಿ ಉದ್ದವಾದರೂ ನೇರವಾಗಿರುತ್ತದೆ.

ಮಲಗಿದ್ದ ದೇಹದಲ್ಲಿ ಏನಾಗಿರುತ್ತದೆ

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಒಂದು ಅಧ್ಯಯನ ನಡೆಸಿದರು. ದೇಹ ಗರಿಷ್ಠವಾಗಿ ಎಷ್ಟು ಆಮ್ಲಜನಕ ಬಳಸಿಕೊಳ್ಳಬಲ್ಲದು ಎಂಬ ಅಳತೆ ಆ ಮೂರೇ ವಾರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಕರೆದು ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಕಸಿದುಕೊಂಡದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದುಕೊಂಡದ್ದೇ ಹೆಚ್ಚಾಗಿತ್ತು. ಹಾಗೆಂದು ಹೆದರಬೇಕಿಲ್ಲ. ಅಂದು ಅವರು ಸುಮಾರು ಎರಡು ತಿಂಗಳ ತರಬೇತಿಯಿಂದ ಕಳೆದುಕೊಂಡದ್ದನ್ನು ಮರಳಿ ಪಡೆದಿದ್ದರು. ಒಂದು ವಿಷಯ ಮಾತ್ರ ನೆನಪಿರಲಿ: ಅವರು ಕಾಯಿಲೆಯವರಾಗಿರಲಿಲ್ಲ, ಸುಮ್ಮನೆ ಮಲಗಿದ್ದವರು. ಮಲಗಿದ್ದರ ಜೊತೆಗೆ ಸೋಂಕು, ಜ್ವರ, ಔಷಧಿ, ಹಸಿವಿಲ್ಲದ ದಿನಗಳು ಎಲ್ಲವೂ ಸೇರಿದ್ದರೆ ನಮಗೆ ಇನ್ನೂ ಹೆಚ್ಚು ಸಮಯ ಬೇಕು.

ಮಲಗಿದ ಮೊದಲ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ಕಡಿಮೆಯಾಗುತ್ತದೆ. ಆಗ ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆ, ಅದನ್ನು ಸರಿದೂಗಿಸಲು ಬಡಿತ ಹೆಚ್ಚು. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು, ಎರಡು ಮೆಟ್ಟಿಲು ಹತ್ತಿದರೆ ಎದೆ ಡಬಡಬ ಹೊಡೆದುಕೊಳ್ಳುವುದು ಇದರಿಂದಲೂ ಆಗುತ್ತದೆ. ಜೊತೆಗೆ ಸ್ನಾಯು ಕರಗುತ್ತದೆ, ಅದರಲ್ಲೂ ನಮ್ಮನ್ನು ನಿಲ್ಲಿಸುವ ತೊಡೆ ಮತ್ತು ಮೀನಖಂಡದ ಸ್ನಾಯು. ಐಸಿಯುನಲ್ಲಿದ್ದವರಿಗೆ ಇದು ಇನ್ನೂ ವೇಗವಾಗಿ ಆಗುತ್ತದೆ.

ಮರಳಿ ಬರುವಾಗ ಇವೆಲ್ಲ ಒಟ್ಟಿಗೆ ಬರುವುದಿಲ್ಲ. ರಕ್ತದ ದ್ರವಭಾಗ ಮೊದಲು ಸರಿಹೋಗುತ್ತದೆ. ಉಸಿರು, ಹೃದಯ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುವಿಗೆ ತಿಂಗಳುಗಳು ಬೇಕು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಮತ್ತು ಮೂಳೆ ಎಲ್ಲಕ್ಕಿಂತ ನಿಧಾನ. ಓಡುವಾಗ ಪ್ರತಿ ಹೆಜ್ಜೆಯೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರವನ್ನು ಕಾಲಿನ ಮೇಲೆ ಹಾಕುತ್ತದೆ. ಹಾಗಾಗಿ ಎರಡನೇ ತಿಂಗಳಲ್ಲಿ ‘ದಮ್ಮು ಚೆನ್ನಾಗಿದೆ, ಇನ್ನೂ ಓಡಬಲ್ಲೆ’ ಅನಿಸುವ ಹೊತ್ತಿಗೆ ಕಾಲಿನ ಮೂಳೆ ಇನ್ನೂ ತಯಾರಾಗಿರುವುದಿಲ್ಲ. ಕಾಯಿಲೆಯಿಂದ ಗೆದ್ದು ಬಂದವರು ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು ಮತ್ತೆ ಮನೆಯಲ್ಲಿ ಕೂರುವುದು ಈ ಅಂತರದಲ್ಲೇ.

ಡಾಕ್ಟರ ಹತ್ತಿರ ಏನು ಕೇಳಬೇಕು

‘ಡಾಕ್ಟ್ರೇ, ಇನ್ನು ಓಡಬಹುದಾ?’ ಎಂದು ಕೇಳಿದರೆ ಸಾಲದು. ನಾನೂ ಹಾಗೇ ಕೇಳಿದ್ದೆ. ‘ಈಗ ಎಲ್ಲಾ ಸರಿಯಾಗಿದೆ, ನಿಧಾನಕ್ಕೆ ಶುರು ಮಾಡಿ’ ಅಂದರು. ಅವರ ಮನಸ್ಸಿನಲ್ಲಿದ್ದದ್ದು ಮನೆಯ ಸುತ್ತ ನಡೆಯುವುದು, ನನ್ನ ಮನಸ್ಸಿನಲ್ಲಿದ್ದದ್ದು ಹತ್ತು ಕಿಲೋಮೀಟರ್. ತಪ್ಪು ಯಾರದೂ ಅಲ್ಲ, ಪ್ರಶ್ನೆ ಮಾತ್ರ ಸರಿಯಾಗಿರಲಿಲ್ಲ. ಕಾಯಿಲೆಗೆ ಮುಂಚೆ ವಾರಕ್ಕೆ ಎಷ್ಟು ಓಡುತ್ತಿದ್ದಿರಿ, ಈಗ ಏನು ಮಾಡಬೇಕೆಂದಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಡಿಸ್ಚಾರ್ಜ್ ಸಮ್ಮರಿ ಜೊತೆಯಲ್ಲಿರಲಿ.

ಮೊದಲ ಪ್ರಶ್ನೆ ಹೃದಯದ್ದು: ಈ ಕಾಯಿಲೆ ಹೃದಯಕ್ಕೆ ತಟ್ಟಿತ್ತೇ? ವೈರಸ್ ಸೋಂಕುಗಳು ಕೆಲವೊಮ್ಮೆ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತವೆ. ಇದೇ ಮಯೋಕಾರ್ಡೈಟಿಸ್. ಇದು ಆಗಿದ್ದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಓಟ, ಭಾರ ಎತ್ತುವುದು, ಆಟ ಎಲ್ಲವನ್ನೂ ನಿಲ್ಲಿಸಲು ಹೇಳುತ್ತಾರೆ. ಆ ಅವಧಿಯಲ್ಲಿ ಓಡಿದರೆ ಹೃದಯದ ಲಯ ತಪ್ಪಿ ಜೀವಕ್ಕೇ ಅಪಾಯವಾಗಬಹುದು. ಇಲ್ಲಿ ‘ನನಗೆ ಚೆನ್ನಾಗಿದೆ ಅನಿಸುತ್ತಿದೆ’ ಎಂಬ ಮಾತಿಗೆ ಬೆಲೆಯಿಲ್ಲ. ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್) ಮತ್ತು ಹೃದ್ರೋಗ ತಜ್ಞರು ಬೇಕೆಂದ ಪರೀಕ್ಷೆಗಳು ಮುಗಿದು, ಅವರೇ ಓಡಿ ಎನ್ನಬೇಕು. ಕಾಯಿಲೆಯ ಸಮಯದಲ್ಲಿ ಎದೆನೋವು ಬಂದಿದ್ದರೆ, ಕಾರಣವಿಲ್ಲದೆ ಎದೆಬಡಿತ ತಪ್ಪಿದಂತಾಗಿದ್ದರೆ, ತಲೆಸುತ್ತಿ ಬಿದ್ದಿದ್ದರೆ ಯಾರೂ ಕೇಳದಿದ್ದರೂ ನೀವೇ ಹೇಳಿ.

ಎರಡನೆಯದು ಶ್ವಾಸಕೋಶ. ಅಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಗಾಯದ ಕಲೆ ಉಳಿದಿದೆಯೇ, ನಡೆಯುವಾಗ ಆಮ್ಲಜನಕದ ಮಟ್ಟ ಇಳಿಯುತ್ತಿದೆಯೇ ಎಂದು ಕೇಳಿ. ಆರು ನಿಮಿಷ ನಡೆಸಿ ನೋಡುವ ಸರಳ ಪರೀಕ್ಷೆಯೊಂದಿದೆ. ಕುಳಿತಲ್ಲಿ ಚೆನ್ನಾಗಿರುವ ಮಟ್ಟ ನಡೆದಾಗ ಕುಸಿಯುವುದನ್ನು ಅದು ತೋರಿಸಿಕೊಡುತ್ತದೆ.

ಮೂರನೆಯದು ಔಷಧಿಗಳು. ಇದರ ಬಗ್ಗೆ ಓಟಗಾರರಿಗೆ ಹೇಳುವವರೇ ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಪ್ರೊಫ್ಲೋಕ್ಸಾಸಿನ್, ಲೆವೊಫ್ಲೋಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು ಸ್ನಾಯುರಜ್ಜುಗಳನ್ನು ದುರ್ಬಲಗೊಳಿಸಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಹಿಮ್ಮಡಿಯ ಹಿಂದಿನ ದಪ್ಪ ರಜ್ಜುವನ್ನು. ಅದು ಹರಿದೇ ಹೋಗಬಹುದು ಎಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಮಾತ್ರೆ ನಿಲ್ಲಿಸಿ ಕೆಲವು ತಿಂಗಳಾದ ಮೇಲೂ ಹೀಗಾಗಬಹುದು. 60 ದಾಟಿದವರಿಗೆ, ಜೊತೆಗೆ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಅಪಾಯ ಹೆಚ್ಚು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ಹೆಸರುಗಳಿವೆಯೇ ಎಂದು ಇವತ್ತೇ ನೋಡಿ. ಇದ್ದರೆ, ಹಿಮ್ಮಡಿಯ ಹಿಂದೆ ಸ್ವಲ್ಪವೇ ನೋವು, ಬಾವು ಕಂಡರೂ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಸ್ಟೀರಾಯ್ಡ್ ಹೆಚ್ಚು ದಿನ ತೆಗೆದುಕೊಂಡಿದ್ದರೆ ತೊಡೆಯ ಶಕ್ತಿ ಕುಂದುತ್ತದೆ, ಮೂಳೆ ಸವೆಯುತ್ತದೆ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಎದೆಬಡಿತವನ್ನು ತಗ್ಗಿಸುತ್ತವೆ. ಕೈಗಡಿಯಾರದಲ್ಲಿ ಕಡಿಮೆ ಸಂಖ್ಯೆ ಕಂಡಿತೆಂದು ‘ಇದು ಸುಲಭದ ಓಟ’ ಎಂದುಕೊಂಡರೆ ಮೋಸ ಹೋಗುತ್ತೀರಿ. ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಬಿದ್ದರೆ ಒಳಗೆ ರಕ್ತಸ್ರಾವವಾಗಬಹುದು, ಆದ್ದರಿಂದ ಸಮತಟ್ಟಾದ ನೆಲ, ಚೆನ್ನಾದ ಬೆಳಕು ಬೇಕೇಬೇಕು. ಹೀಗೆಂದು ಓದಿ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ರಕ್ತಪರೀಕ್ಷೆ. ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್ ಈ ಮೂರನ್ನು ನೋಡಲು ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 13, ಗರ್ಭಿಣಿಯರಲ್ಲದ ಹೆಂಗಸರಿಗೆ 12ಕ್ಕಿಂತ (ಡೆಸಿಲೀಟರ್‌ಗೆ ಗ್ರಾಂ ಲೆಕ್ಕದಲ್ಲಿ) ಕೆಳಗಿದ್ದರೆ ಅದು ರಕ್ತಹೀನತೆ. ಫೆರಿಟಿನ್ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಆದರೆ ಉರಿಯೂತ ಇದ್ದಾಗ ಅದು ತಾನಾಗಿಯೇ ಏರುವುದರಿಂದ ಕಾಯಿಲೆ ಬಿಟ್ಟ ಕೂಡಲೇ ಮಾಡಿಸಿದರೆ ಕೊರತೆ ಮರೆಯಾಗಿ ಕಾಣಬಹುದು. ಥೈರಾಯ್ಡ್ ಯಾಕೆಂದರೆ, ಅಮೆರಿಕದ ಓಟಗಾರ್ತಿ ಗೇಲ್ ಡೆವರ್ಸ್ ಅವರ ನೆನಪಾಗುತ್ತದೆ. 1988ರ ಸೋಲ್ ಒಲಿಂಪಿಕ್ಸ್ ಹೊತ್ತಿಗೆ ಅವರ ಓಟ ಕಾರಣವಿಲ್ಲದೆ ಕುಸಿಯತೊಡಗಿತ್ತು. ಅದು ಥೈರಾಯ್ಡ್‌ನ ಗ್ರೇವ್ಸ್ ಕಾಯಿಲೆ ಎಂದು ಗೊತ್ತಾದದ್ದು 1990ರಲ್ಲಿ. ಚಿಕಿತ್ಸೆಯ ನಡುವೆ ಪಾದಗಳನ್ನೇ ಕತ್ತರಿಸಬೇಕಾದೀತು ಎನ್ನುವಷ್ಟು ಕೆಟ್ಟಿದ್ದ ಅವರು 1992ರಲ್ಲಿ ಬಾರ್ಸಿಲೋನಾದಲ್ಲಿ 100 ಮೀಟರ್ ಚಿನ್ನ ಗೆದ್ದರು. ಎರಡು ವರ್ಷ ಕಾರಣ ಗೊತ್ತಿಲ್ಲದೆ ಹೋದದ್ದನ್ನು ನೋಡಿ. ಸುಸ್ತು ಹೋಗುತ್ತಲೇ ಇಲ್ಲ ಎಂದಾದರೆ ಹಟ ಹಿಡಿದು ಓಡುವ ಬದಲು ಕಾರಣ ಹುಡುಕಿಸಿ.

ಕಾಯಿಲೆಗೆ ತಕ್ಕ ಇನ್ನೆರಡು ಮಾತು. ಗ್ಲ್ಯಾಂಡ್ಯುಲರ್ ಫೀವರ್ (ಗಂಟಲುನೋವಿನ ಜೊತೆ ಕುತ್ತಿಗೆಯ ಗ್ರಂಥಿಗಳು ಊದುವ ವೈರಸ್ ಜ್ವರ) ಬಂದವರಿಗೆ ಹೊಟ್ಟೆಯ ಎಡಭಾಗದ ಗುಲ್ಮ (ಸ್ಪ್ಲೀನ್) ಊದಿರುತ್ತದೆ, ಹಾಗಾಗಿ ಕನಿಷ್ಠ ಮೂರು ನಾಲ್ಕು ವಾರ ಓಟ ಬೇಡ. ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ಔಷಧಿಯಿಂದ ಪಾದ ಜೋಮು ಹಿಡಿದಂತಿರುತ್ತದೆ, ನೆಲ ತಿಳಿಯುವುದಿಲ್ಲ. ಕೆಲವು ಔಷಧಿಗಳು ಹೃದಯದ ಮೇಲೂ ಪರಿಣಾಮ ಬೀರುತ್ತವೆ. ಎರಡನ್ನೂ ನಿಮ್ಮ ಕ್ಯಾನ್ಸರ್ ತಜ್ಞರ ಬಳಿ ಹೆಸರಿಟ್ಟು ಕೇಳಿ.

ಈ ದಾರಿ ಎಲ್ಲರದ್ದೂ ಅಲ್ಲ

ಕೆಲವರಿಗೆ ಸೋಂಕು ಹೋದ ಮೇಲೂ ವಿಚಿತ್ರವಾದ ಸುಸ್ತು ಉಳಿದುಬಿಡುತ್ತದೆ. ಸ್ವಲ್ಪ ಶ್ರಮಪಟ್ಟರೂ ಆ ಹೊತ್ತಿಗೆ ಏನೂ ಆಗುವುದಿಲ್ಲ. ಅರ್ಧ ದಿನವೋ ಎರಡು ದಿನವೋ ಕಳೆದು ಕೈಕಾಲು ಬಿದ್ದುಹೋದ ಹಾಗೆ, ತಲೆಗೆ ಮಂಕು ಕವಿದ ಹಾಗೆ ಆಗಿ ದಿನಗಟ್ಟಲೆ, ವಾರಗಟ್ಟಲೆ ಏಳಲಾಗುವುದಿಲ್ಲ. ಕೋವಿಡ್ ನಂತರ ಅನೇಕರು ಇದನ್ನು ಅನುಭವಿಸಿದ್ದಾರೆ. ಇಂಥವರಿಗೆ ‘ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗಿ’ ಎನ್ನುವ ಸಲಹೆಯೇ ಹಾನಿ ಮಾಡಬಹುದು. ದೀರ್ಘಕಾಲದ ಸುಸ್ತಿನ ಕಾಯಿಲೆಗೆ ಹೀಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರ ತನ್ನ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು.

ನಿಮ್ಮಲ್ಲಿ ಈ ಲಕ್ಷಣ ಇದ್ದರೆ ಮುಂದಿನ ಹಂತಗಳು ನಿಮಗಲ್ಲ, ಸದ್ಯಕ್ಕಂತೂ ಅಲ್ಲ. ಶಕ್ತಿಯ ಮಿತಿಯೊಳಗೇ ದಿನ ಕಳೆಯುವುದನ್ನು ಮೊದಲು ಕಲಿಯಬೇಕು, ಅದಕ್ಕೆ ಈ ಕಾಯಿಲೆ ಗೊತ್ತಿರುವ ವೈದ್ಯರು ಬೇಕು. ಮನಸ್ಸು ಗಟ್ಟಿ ಮಾಡಿಕೊಂಡರೆ ಆಗುತ್ತದೆ ಎನ್ನುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಇದು ಸೋಮಾರಿತನವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ.

ಒಂದು ನೋಟ್‌ಬುಕ್ ಇಡಿ

ಓಟ ಶುರುಮಾಡುವ ಎರಡು ವಾರ ಮುಂಚೆಯೇ ಇದು ಶುರುವಾಗಬೇಕು. ಬೆಳಿಗ್ಗೆ ಎಚ್ಚರವಾದ ಕೂಡಲೇ, ಎದ್ದು ಕೂರುವ ಮೊದಲು, ಹೆಬ್ಬೆರಳಿನ ಬುಡದ ಹತ್ತಿರ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡು ನಾಡಿ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ. ಅದರ ಪಕ್ಕದಲ್ಲಿ ಮೂರು ವಿಷಯ ಬರೆಯಿರಿ: ನಿದ್ದೆ ಹೇಗಿತ್ತು, ಮೈ ಹೇಗಿದೆ, ನಿನ್ನೆ ಏನು ಮಾಡಿದೆ. ನನ್ನ ಪುಟಗಳಲ್ಲಿ ‘68, ಸರಿ, ಹಗುರ, ಮೆಟ್ಟಿಲು ಎರಡು ಸಲ’ ಎಂಬಂಥ ಸಾಲುಗಳೇ ತುಂಬಿವೆ. ಎರಡು ವಾರದಲ್ಲಿ ನಿಮ್ಮ ಮಾಮೂಲು ಸಂಖ್ಯೆ ಯಾವುದು ಎಂದು ಗೊತ್ತಾಗುತ್ತದೆ.

ಒಂದು ದಿನ ಇನ್ನೊಂದನ್ನೂ ನೋಡಿ. ಮಲಗಿದ್ದಾಗಿನ ನಾಡಿ ಬರೆದುಕೊಂಡು ಎದ್ದು ಗೋಡೆಗೊರಗಿ ಸುಮ್ಮನೆ ಹತ್ತು ನಿಮಿಷ ನಿಂತುಕೊಳ್ಳಿ, ಹತ್ತಿರ ಯಾರಾದರೂ ಇರಲಿ. ನಾಡಿ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲೇ ನಿಂತರೆ, ತಲೆಸುತ್ತು ಬಂದರೆ, ಕೂತುಬಿಡಿ. ಓಟದ ಯೋಚನೆ ಬಿಟ್ಟು ಮೊದಲು ಅದನ್ನು ಡಾಕ್ಟರಿಗೆ ತಿಳಿಸಿ.

ಮುಂದಿನ ಎಲ್ಲ ಹಂತಗಳಿಗೂ ನಾನು ಪಾಲಿಸಿದ ನಿಯಮ ಒಂದೇ. ಮರುದಿನ ಬೆಳಿಗ್ಗೆ ನಾಡಿ ಮಾಮೂಲಿಗಿಂತ ಐದರೊಳಗಿದ್ದು, ನಿದ್ದೆ ಬಂದಿದ್ದು, ಮೈ ಹಿಂದಿನ ದಿನದಂತೆಯೇ ಇದ್ದರೆ ಅದು ಒಳ್ಳೆಯ ಬೆಳಿಗ್ಗೆ. ಮೂರು ಒಳ್ಳೆಯ ಬೆಳಿಗ್ಗೆ ಸಿಕ್ಕಿದರೆ ಮುಂದಿನ ಮೆಟ್ಟಿಲು. ನಾಡಿ ಎಂಟು ಹತ್ತು ಏರಿದ್ದರೆ ಅಥವಾ ಮೈ ಭಾರವಿದ್ದರೆ ಅವತ್ತು ವಿಶ್ರಾಂತಿ. ಕೆಟ್ಟ ಬೆಳಿಗ್ಗೆ ಎರಡು ಸಲ ಬಂದರೆ ಒಂದು ಮೆಟ್ಟಿಲು ಇಳಿಯುವುದು, ಅಲ್ಲಿ ಒಂದು ವಾರ ಇರುವುದು.

ಮೊದಲ ಹಂತ: ಕುರ್ಚಿ

ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ತೋಳುಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು ಎದ್ದು ನಿಲ್ಲಿ, ಕೂರಿ. ಇಷ್ಟೇ. ಮೊದಲ ದಿನ ನಾನು ನಾಲ್ಕು ಸಲ ಎದ್ದೆ. ಐದನೇ ಸಲ ಏಳುವಾಗ ನನಗೆ ಗೊತ್ತಿಲ್ಲದೆಯೇ ಬಲಗೈ ಎದೆಯಿಂದ ಜಾರಿ ತೊಡೆಯನ್ನು ಒತ್ತುತ್ತಿತ್ತು. ಕೈಯನ್ನು ಮತ್ತೆ ಮೇಲಿಟ್ಟು ಪ್ರಯತ್ನಿಸಿದೆ. ಪೃಷ್ಠ ಕುರ್ಚಿಯಿಂದ ಒಂದು ಗೇಣು ಮೇಲೆದ್ದು, ತೊಡೆ ಗಡಗಡ ನಡುಗಿ, ಧೊಪ್ಪೆಂದು ಕೂತೆ. ವರ್ಷಗಟ್ಟಲೆ ಓಡಿದ ಕಾಲು ಅದು. ಎಲ್ಲಿಂದ ಶುರುಮಾಡಬೇಕು ಎಂದು ನನಗೆ ಅರ್ಥವಾದದ್ದು ಆ ಕುರ್ಚಿಯಲ್ಲಿ.

ದಿನ ಬಿಟ್ಟು ದಿನ, ಕೈ ತೊಡೆಗೆ ಇಳಿಯುವ ಮುಂಚೆಯೇ ನಿಲ್ಲಿಸಿ, ಎರಡು ಮೂರು ಸರದಿ ಮಾಡಿ. ಜೊತೆಗೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಒಂಟಿ ಕಾಲಿನಲ್ಲಿ ನಿಲ್ಲುವುದು. ಅರ್ಧ ನಿಮಿಷದಲ್ಲಿ 15 ಸಲ ಸರಾಗವಾಗಿ ಕುರ್ಚಿಯಿಂದ ಏಳುವುದು, ಒಂಟಿ ಕಾಲಿನಲ್ಲಿ 30 ಸೆಕೆಂಡು ನಿಲ್ಲುವುದು, ಒಂಟಿ ಹಿಮ್ಮಡಿಯನ್ನು ಸತತ 20 ಸಲ ಎತ್ತುವುದು, ಇವಿಷ್ಟು ಆಗುವವರೆಗೆ ನಾನು ಒಂದು ಹೆಜ್ಜೆಯೂ ಓಡುವುದಿಲ್ಲ ಎಂದು ಬರೆದಿಟ್ಟುಕೊಂಡಿದ್ದೆ. ಹಿಮ್ಮಡಿ ಎತ್ತುವುದು ಎಲ್ಲಕ್ಕಿಂತ ಕಷ್ಟ, ಎಲ್ಲಕ್ಕಿಂತ ಅಗತ್ಯ. ಓಟ ಎಂದರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನೆಗೆಯುವುದೇ ಅಲ್ಲವೇ. ಓಟ ಶುರುವಾದ ಮೇಲೂ ವಾರಕ್ಕೆರಡು ಸಲ ಇದು ನಡೆದೇ ಇರಲಿ.

ಎರಡನೇ ಹಂತ: ನಡಿಗೆ

ಕುರ್ಚಿಯ ಜೊತೆಜೊತೆಗೇ ನಡಿಗೆಯನ್ನೂ ಶುರು ಮಾಡಬಹುದು. ಐದೋ ಹತ್ತೋ ನಿಮಿಷ, ಸಮತಟ್ಟಾದ ದಾರಿ, ಮನೆಯಿಂದ ದೂರ ಹೋಗದೆ ಸುತ್ತು ಹಾಕುವಂಥದ್ದು. ದೂರ ಹೋದಮೇಲೆ ಸುಸ್ತಾದರೆ ಅಷ್ಟೇ ದೂರ ವಾಪಸ್ಸೂ ಬರಬೇಕಲ್ಲ. ಮೊದಲು ಸಮಯ ಹೆಚ್ಚಿಸಿ, ಆಮೇಲೆ ವೇಗ, ಕೊನೆಗೆ ಏರು. ಎರಡನ್ನು ಒಟ್ಟಿಗೆ ಹೆಚ್ಚಿಸಿದರೆ ಬೆಳಿಗ್ಗೆ ಕೆಟ್ಟಾಗ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಶ್ರಮ ಅಳೆಯಲು ಗಡಿಯಾರಕ್ಕಿಂತ ಮಾತು ಒಳ್ಳೆಯದು. ನಡೆಯುತ್ತಾ ಪೂರ್ತಿ ಒಂದು ವಾಕ್ಯ ತಡೆಯಿಲ್ಲದೆ ಹೇಳಲು ಆಗಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತು. ಸಂಖ್ಯೆಯೇ ಬೇಕೆನ್ನುವವರಿಗೆ, ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗಂತೂ, ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಶ್ರಮದ ಮಾಪಕ ನೆರವಾಗುತ್ತದೆ. ಅದರಲ್ಲಿ 11 ಎಂದರೆ ಹಗುರ, 13 ಎಂದರೆ ತುಸು ಕಷ್ಟ. ನಡಿಗೆಯ ಹಂತದಲ್ಲಿ 11 ದಾಟಬೇಡಿ. 220ರಿಂದ ವಯಸ್ಸು ಕಳೆದು ಗರಿಷ್ಠ ಎದೆಬಡಿತ ಲೆಕ್ಕ ಹಾಕುವ ಸೂತ್ರ ಆರೋಗ್ಯವಂತರಲ್ಲೇ ಹತ್ತು ಹದಿನೈದು ಆಚೀಚೆಯಾಗುತ್ತದೆ, ಈಗ ಅದನ್ನು ನಂಬಬೇಡಿ.

ಚುರುಕು ನಡಿಗೆಯಲ್ಲಿ 30 ನಿಮಿಷ, ವಾರದಲ್ಲಿ ಐದು ದಿನ, ಎರಡು ವಾರ, ಎಲ್ಲವೂ ಒಳ್ಳೆಯ ಬೆಳಿಗ್ಗೆಗಳೇ ಆಗಿದ್ದರೆ ಈ ಹಂತ ಮುಗಿಯಿತು. ನನಗೆ ಏಳು ವಾರ ಬೇಕಾಯಿತು. ನಿಮಗೆ ಮೂರು ಸಾಕಾಗಬಹುದು, ಇಪ್ಪತ್ತೂ ಬೇಕಾಗಬಹುದು.

ಮೂರನೇ ಹಂತ: ನಡಿಗೆಯ ನಡುವೆ ಓಟ

ಓಡುತ್ತಾ ನಡುನಡುವೆ ನಡೆಯುವುದನ್ನು ಸೋಲು ಎಂದುಕೊಳ್ಳಬೇಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಅವರೇ ಇದನ್ನು ಒಂದು ಕ್ರಮವಾಗಿ ರೂಪಿಸಿ ಹಬ್ಬಿಸಿದವರು. ನಡಿಗೆಯ ಎರಡು ನಿಮಿಷದಲ್ಲಿ ನಾಡಿ ಇಳಿಯುತ್ತದೆ, ಮೀನಖಂಡದ ಬಿಗಿ ಸಡಿಲುತ್ತದೆ, ಮುಂದಿನ ಓಟದ ಹೆಜ್ಜೆ ಹದವಾಗಿ ಬೀಳುತ್ತದೆ.

ಮೊದಲ ದಿನ ಹೀಗಿರಲಿ: ಹತ್ತು ನಿಮಿಷ ನಡಿಗೆ, ಆಮೇಲೆ 30 ಸೆಕೆಂಡು ಓಟ, ಎರಡು ನಿಮಿಷ ನಡಿಗೆ, ಹೀಗೆ ಆರು ಸಲ, ಕೊನೆಗೆ ಐದು ನಿಮಿಷ ನಡಿಗೆ. ಒಟ್ಟು ಓಡಿದ್ದು ಮೂರೇ ನಿಮಿಷ. ಮನಸ್ಸು ಇನ್ನೂ ಬೇಕು ಅನ್ನುತ್ತದೆ, ಕೊಡಬೇಡಿ. ಓಟದ ವೇಗ ಚುರುಕು ನಡಿಗೆಗಿಂತ ಒಂದಿಷ್ಟೇ ಹೆಚ್ಚಿರಲಿ, ಹೆಜ್ಜೆ ಚಿಕ್ಕದಿರಲಿ, ಪಾದ ಸದ್ದಿಲ್ಲದೆ ಊರಲಿ. ನಾನು ಎರಡು ದೀಪದ ಕಂಬಗಳ ನಡುವೆ ಓಡುತ್ತಿದ್ದೆ. ಎರಡನೇ ಕಂಬ ಮುಟ್ಟಿ ನಡೆಯಲು ಶುರುಮಾಡಿದಾಗ ನನ್ನ ಉಸಿರಿನ ಸದ್ದು ನನಗೇ ಕೇಳಿಸುತ್ತಿತ್ತು. ಅದು ಇಳಿದು, ರಸ್ತೆಯ ಬೇರೆ ಸದ್ದುಗಳು ಮತ್ತೆ ಕಿವಿಗೆ ಬೀಳುವವರೆಗೆ ಮುಂದಿನ ಕಂಬಕ್ಕೆ ಹೊರಡುತ್ತಿರಲಿಲ್ಲ.

ವಾರಕ್ಕೆ ಮೂರು ದಿನ ಮಾತ್ರ ಓಟ, ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ಬಿಡುವಿನ ದಿನ ಹಗುರ ನಡಿಗೆ ಸಾಕು. ಪ್ರತಿ ಮೆಟ್ಟಿಲನ್ನೂ ಮೂರು ಸಲವಾದರೂ ಮಾಡಬೇಕು. ಮುಂದಿನ ಮೆಟ್ಟಿಲುಗಳು ಹೀಗೆ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಏಳು ಸಲ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಮೂರು ನಿಮಿಷ ಓಟ, ಎರಡು ನಡಿಗೆ, ಐದು ಸಲ. ಐದು ನಿಮಿಷ ಓಟ, ಒಂದೂವರೆ ನಡಿಗೆ, ನಾಲ್ಕು ಸಲ. ಹತ್ತು ನಿಮಿಷದ ಓಟ ಎರಡು ಸಲ, ನಡುವೆ ಎರಡು ನಿಮಿಷ ನಡಿಗೆ. ಆಮೇಲೆ 20 ನಿಮಿಷ ಒಂದೇ ಸಮನೆ. ಕೆಟ್ಟ ಬೆಳಿಗ್ಗೆಗಳು ಬರದಿದ್ದರೂ ಇದಕ್ಕೆ ಏಳೆಂಟು ವಾರ ಬೇಕು. ಮೂಳೆ ತನ್ನನ್ನು ತಾನು ಸವೆಸಿ ಮತ್ತೆ ಕಟ್ಟಿಕೊಳ್ಳುವ ಒಂದು ಸುತ್ತಿಗೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಾವು ಕಾಯುತ್ತಿರುವುದು ಅದಕ್ಕಾಗಿ.

ಸ್ನಾಯುವಿನ ಮೈಕೈ ನೋವು ಸಹಜ, ಎರಡು ದಿನದಲ್ಲಿ ಹೋಗುತ್ತದೆ. ಆದರೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲೋ ಪಾದದಲ್ಲೋ ಬೆರಳಿಟ್ಟು ತೋರಿಸಬಹುದಾದಂಥ ಒಂದೇ ಜಾಗದ ನೋವು, ಓಡಿದಷ್ಟೂ ಹೆಚ್ಚುವ, ರಾತ್ರಿ ಮಲಗಿದಾಗಲೂ ಕಾಡುವ ನೋವು ಮೂಳೆಯ ಬಿರುಕಿನದ್ದಾಗಿರಬಹುದು. ಅದನ್ನು ತೋರಿಸದೆ ಮತ್ತೆ ಓಡಬೇಡಿ.

ತಕ್ಷಣ ನಿಲ್ಲಿಸಬೇಕಾದದ್ದು

ಎದೆಯಲ್ಲಿ ನೋವು ಅಥವಾ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಎದೆಬಡಿತ ತಪ್ಪಿದಂತೆ ಅಥವಾ ಹಠಾತ್ತಾಗಿ ಹಾರಿದಂತೆ ಆಗುವುದು, ಕಣ್ಣು ಕತ್ತಲೆ ಬರುವುದು, ನಿಂತು ಐದು ನಿಮಿಷವಾದರೂ ಇಳಿಯದ ಏದುಸಿರು, ಕೆಮ್ಮಿನಲ್ಲಿ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುವುದು. ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿ, ಮನೆಗೆ ನಡೆದುಕೊಂಡು ಹೋಗೋಣ ಎನ್ನದೆ ಯಾರನ್ನಾದರೂ ಕರೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮೊದಲ ಕೆಲವು ತಿಂಗಳು ಒಬ್ಬರೇ ನಿರ್ಜನ ದಾರಿಗೆ ಹೋಗಬೇಡಿ, ಫೋನ್ ಮೈಮೇಲಿರಲಿ.

ಜ್ವರ ಇರುವಾಗ ಓಟ ಇಲ್ಲ, ಯಾವ ಕಾರಣಕ್ಕೂ ಇಲ್ಲ. ನಡುವೆ ಸಣ್ಣ ನೆಗಡಿ ಜ್ವರ ಬಂದು ಹೋದರೆ ಬಿಟ್ಟ ಮೆಟ್ಟಿಲಿಗೆ ನೇರ ಹೋಗದೆ ಎರಡು ಮೆಟ್ಟಿಲು ಕೆಳಗಿನಿಂದ ಹತ್ತಿ.

ಊಟ, ನಿದ್ದೆ

ಕಾಯಿಲೆಯಲ್ಲಿ ಕರಗಿದ ಸ್ನಾಯು ಗಾಳಿಯಿಂದ ಬರುವುದಿಲ್ಲ. ಚೇತರಿಕೆಯ ದಿನಗಳಲ್ಲಿ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕಾಗುತ್ತದೆ, 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ತೂಕ ಇಳಿಸುವ ಯೋಚನೆ ಈ ಚೇತರಿಕೆಯ ತಿಂಗಳುಗಳಲ್ಲಿ ಬೇಡ. ಸ್ಟೀರಾಯ್ಡ್‌ನಿಂದ ಮುಖ ಮೈ ಊದಿದ್ದರೂ ಊಟ ಕಡಿಮೆ ಮಾಡಿ ಓಡಬೇಡಿ. ರಾತ್ರಿ ನಿದ್ದೆ ಕೆಟ್ಟಿದ್ದರೆ ಮರುದಿನದ ಓಟ ಮುಂದೂಡಿ. ನಾನು ಮಾಡಿದ ತಪ್ಪುಗಳಲ್ಲಿ ಅರ್ಧ ನಿದ್ದೆಗೆಟ್ಟ ದಿನದವೇ.

ನಾಲ್ಕನೇ ಹಂತ, ಮತ್ತು ಹಳೆಯ ಸಮಯ

ಇಪ್ಪತ್ತು ನಿಮಿಷ ಒಂದೇ ಸಮನೆ ಓಡುವ ದಿನ ಬಂದ ಮೇಲೆ 30 ನಿಮಿಷದವರೆಗೆ ನಿಧಾನವಾಗಿ ಹೋಗಿ, ಅಲ್ಲಿ ಒಂದು ತಿಂಗಳು ಇರಿ. ಆಮೇಲೆ ಒಂದು ದಿನದ ಓಟವನ್ನು ಮಾತ್ರ ಉದ್ದ ಮಾಡಿ. ಆಮೇಲೆ ಏರು ದಾರಿ. ವೇಗದ ಓಟ ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲಿಗೆ ಹಗುರ ಓಟದ ಕೊನೆಯಲ್ಲಿ 15 ಸೆಕೆಂಡಿನ ನಾಲ್ಕು ಚುರುಕು ಓಟಗಳಷ್ಟೇ.

ಈ ಹಂತದಲ್ಲಿ ಕಾಲಿಗಿಂತ ಮನಸ್ಸು ನೋಯುತ್ತದೆ. ಹಳೆಯ ಓಟದ ಆ್ಯಪ್ ತೆರೆದರೆ ಹೋದ ವರ್ಷದ ಇದೇ ದಿನದ ಸಮಯ ಕಣ್ಣಿಗೆ ಬೀಳುತ್ತದೆ. ನನಗಂತೂ ಎದೆ ಹಿಂಡಿದ ಹಾಗಾಗುತ್ತಿತ್ತು. ಕೊನೆಗೆ ಹೊಸ ಖಾತೆ ತೆರೆದು, ಮೊದಲ ದಿನದ ಮೂರು ನಿಮಿಷದಿಂದ ಲೆಕ್ಕ ಶುರುಮಾಡಿದೆ. ಅಲ್ಲಿ ಪ್ರತಿ ತಿಂಗಳೂ ನನ್ನ ಅತ್ಯುತ್ತಮ ತಿಂಗಳೇ ಆಗಿತ್ತು. ಕೆಲವರು ಹಳೆಯ ವೇಗಕ್ಕೆ ಮರಳುತ್ತಾರೆ, ಕೆಲವರು ಮರಳುವುದಿಲ್ಲ. ಅದು ಕಾಯಿಲೆ ಏನು ಬಿಟ್ಟುಹೋಗಿದೆ ಎಂಬುದರ ಮೇಲಿದೆ, ನಿಮ್ಮ ಛಲದ ಮೇಲಲ್ಲ. ಐಸಿಯುನಿಂದ ಬಂದವರಿಗೆ ಕೆಟ್ಟ ಕನಸು, ಓಡುವಾಗ ಏದುಸಿರು ಬಂದರೆ ಆ ದಿನಗಳು ನೆನಪಾಗಿ ಗಾಬರಿ, ಇವೂ ಬರುತ್ತವೆ. ಅದನ್ನು ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ.

ಸ್ಪರ್ಧೆಗೆ ಹೆಸರು ಕೊಡುವುದಾದರೆ, 30 ನಿಮಿಷದ ಓಟ ವಾರಕ್ಕೆ ಮೂರರಂತೆ ಎರಡು ತಿಂಗಳು ಸತತ ನಡೆದ ಮೇಲೆ, ಐದು ಕಿಲೋಮೀಟರಿನದ್ದಕ್ಕೆ ಕೊಡಿ. ದಿನಾಂಕ ಗೊತ್ತಾದ ಕೂಡಲೇ ಕೆಟ್ಟ ಬೆಳಿಗ್ಗೆಗಳನ್ನೂ ಒಳ್ಳೆಯದೆಂದು ಬರೆದುಕೊಳ್ಳುವ ಮನಸ್ಸಾಗುತ್ತದೆ, ನನಗೆ ಆಗಿತ್ತು. ನೋಟ್‌ಬುಕ್ಕನ್ನು ಆ ತಿಂಗಳು ಮನೆಯವರ ಕೈಗೆ ಕೊಟ್ಟು, ಅವರೇ ನಾಡಿ ಎಣಿಸಿ ಬರೆಯಲಿ. ಓಟದ ದಿನ ಪ್ಯಾಂಟಿನ ಜೇಬಿನಲ್ಲಿ, ಬೆವರಿಗೆ ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಚೀಟಿ ಇಟ್ಟುಕೊಳ್ಳಿ: ನಿಮ್ಮ ಹೆಸರು, ಆಗಿದ್ದ ಕಾಯಿಲೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಯಾವ ಔಷಧಿ ಮೈಗೆ ಆಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು. ದೊಡ್ಡ ಅಕ್ಷರದಲ್ಲಿ ಬರೆಯಿರಿ.